ಓದಲು ಬಾರದ ಮಗುವಿಗೆ ಆಟದ ಪಿರಿಯಡ್ ಯಾಕಿಲ್ಲ?

ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಲ್ಲಿ ಪರಿಹಾರ ಬೋಧನೆಗೆ ಸಮಯ ಹುಡುಕುವಾಗ ಮೊದಲು ಕೈ ಹೋಗುವುದು ಆಟದ ಪಿರಿಯಡ್‌ಗೆ, ಆಮೇಲೆ ಚಿತ್ರಕಲೆಗೆ. ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಓದಲಾಗದ ಹುಡುಗ, ಉಳಿದವರು ಅಂಗಳದಲ್ಲಿ ಕೊಕ್ಕೊ ಆಡುವಾಗ ಒಳಗೆ ಕಾಗುಣಿತ ತಿದ್ದುತ್ತಾನೆ. ಪ್ರತಿಭಾ ಕಾರಂಜಿ ಬಂತೆಂದರೆ ಕಂಠಪಾಠಕ್ಕೂ ಅಭಿನಯ ಗೀತೆಗೂ ಕಥೆ ಹೇಳುವುದಕ್ಕೂ ಸಾಮಾನ್ಯವಾಗಿ ಅದೇ ನಾಲ್ಕೈದು ಜಾಣ ಮಕ್ಕಳ ಹೆಸರು. ಕ್ಲಸ್ಟರ್ ಮಟ್ಟದಲ್ಲಿ ಗೆಲ್ಲಬೇಕಲ್ಲ! ನೀತಿಬೋಧೆಯೊಂದೇ ಎಲ್ಲರ ಪಾಲಿಗೂ ಸಮನಾಗಿ ಬರುವುದು, ಅದೂ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತು. ಹಿಂದುಳಿದವರಿಗೆ ಬೋಧನೆ, ಮುಂದಿರುವವರಿಗೆ ಚಟುವಟಿಕೆ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ರೂಢಿ ಮಾತ್ರ ಹಾಗೇ ಬೆಳೆದಿದೆ, ಮತ್ತು ಅದು ಕಲಿಕೆಯ ದೃಷ್ಟಿಯಿಂದಲೇ ತಪ್ಪು.

2024ರ ಅಸರ್ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4 ಮಾತ್ರ. 2022ರಲ್ಲಿ ಇದ್ದ ಶೇ 16.3ಕ್ಕೆ ಹೋಲಿಸಿದರೆ ಇದು ಚೇತರಿಕೆಯೇ. ಆದರೂ ನಾಲ್ವರಲ್ಲಿ ಮೂವರು ಹಿಂದಿದ್ದಾರೆ ಎಂದ ಮೇಲೆ, ಕಲಿಕಾ ಬೆಂಬಲ ಬೇಕೇ ಎಂಬುದು ಪ್ರಶ್ನೆಯಲ್ಲ. ಅದಕ್ಕೆ ಯಾವ ಹೊತ್ತನ್ನು ಕೊಡಬೇಕು ಎಂಬುದು ಪ್ರಶ್ನೆ. ಮುಂಬೈ ಮತ್ತು ವಡೋದರದಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ‘ಬಾಲಸಖಿ’ ಪ್ರಯೋಗ ಇದಕ್ಕೆ ದಾರಿ ತೋರಿಸಿದೆ. ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ತರಗತಿಯಿಂದ ಹೊರಗೆ ಕರೆದು, ಸ್ಥಳೀಯ ಯುವತಿಯೊಬ್ಬರು ಅವರ ಮಟ್ಟದಿಂದಲೇ ಪಾಠ ಶುರು ಮಾಡುತ್ತಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಹೊರಗೆ ಹೋದ ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದ್ದವು. ಗಮನಿಸಿ: ಆ ಮಕ್ಕಳು ಬಿಟ್ಟು ಬಂದದ್ದು ತಮಗೆ ಅರ್ಥವೇ ಆಗದಿದ್ದ ಪಾಠವನ್ನು. ನಾವು ಬಿಡಿಸುತ್ತಿರುವುದು ಅವರು ಗೆಲ್ಲಬಹುದಾದ ಒಂದೇ ಪಿರಿಯಡ್ಡನ್ನು.

ನಡತೆಯ ವಿಷಯದಲ್ಲಂತೂ ಪಾಠ ಹೇಳಿ ಮುಗಿಸುವ ಆಸೆ ಹಳೆಯದು. ವಾರಕ್ಕೆ ಒಂದೆರಡು ಪಿರಿಯಡ್ ಮೌಲ್ಯ ಶಿಕ್ಷಣಕ್ಕೆ ಇರಲಿ ಎಂದು ಕೊಠಾರಿ ಆಯೋಗವೂ ಹೇಳಿತ್ತು. ಆದರೆ 1920ರ ದಶಕದಲ್ಲೇ ಅಮೆರಿಕದ ಸಂಶೋಧಕರಾದ ಹಾರ್ಟ್‌ಶೋರ್ನ್ ಮತ್ತು ಮೇ ಸಾವಿರಾರು ಮಕ್ಕಳನ್ನು ಪರೀಕ್ಷಿಸಿ, ಒಂದು ಕಡೆ ನಕಲು ಹೊಡೆದ ಮಗುವೇ ಇನ್ನೊಂದು ಕಡೆ ಪ್ರಾಮಾಣಿಕವಾಗಿರುತ್ತದೆ, ನೀತಿಪಾಠದ ಪ್ರಭಾವ ಅತ್ಯಲ್ಪ ಎಂದು ಕಂಡುಕೊಂಡಿದ್ದರು. ಅಲ್ಲಿನ ಪ್ರಾಥಮಿಕ ಶಾಲೆಗಳ ಏಳು ನಡತೆ ಕಾರ್ಯಕ್ರಮಗಳನ್ನು ಅಳೆದ 2010ರ ಸರ್ಕಾರಿ ವರದಿಯಲ್ಲೂ ಒಟ್ಟಾರೆ ಸುಧಾರಣೆ ಕಾಣಲಿಲ್ಲ. ಇದಕ್ಕೆ ಎದುರಾಗಿ, ಸಾಮಾಜಿಕ-ಭಾವನಾತ್ಮಕ ಕಲಿಕೆಯ 213 ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆ ನಡತೆಯಲ್ಲೂ ಓದಿನಲ್ಲೂ ಲಾಭ ತೋರಿಸಿತು ಎಂಬುದನ್ನು ಮರೆಮಾಚಬೇಕಿಲ್ಲ. ಅಲ್ಲಿಯೂ ಹೆಚ್ಚು ಫಲ ಕೊಟ್ಟವು ಮಕ್ಕಳಿಂದ ಮಾಡಿಸಿ, ರೂಢಿಸಿದಂಥವು. ಇಂಥದ್ದಕ್ಕೆ ನಾವು ಹೊರಗೆ ಹುಡುಕಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಬೋಧನಾ ಕ್ರಮದ ಐದು ‘ತಟ್ಟೆ’ಗಳಲ್ಲಿ, ಅಂದರೆ ಕಲಿಕಾ ಗುಂಪುಗಳಲ್ಲಿ, ಎರಡು ಸಹಪಾಠಿಗಳ ಬೆಂಬಲದವು. ಮೂರನೆಯ ತರಗತಿಯ ಹುಡುಗಿ ಒಂದನೆಯವನ ಕಾರ್ಡಿನ ಮೇಲೆ ಬೆರಳಿಟ್ಟು ಅಕ್ಷರ ಗುರುತಿಸಲು ನೆರವಾಗುವಾಗ ಕಲಿಕೆ, ಸಹನೆ ಎರಡೂ ಒಂದೇ ಕೆಲಸದಲ್ಲಿ ನಡೆಯುತ್ತವೆ. ಹಾಡು, ಬಣ್ಣಗಳೂ ಅಲ್ಲೇ ಇವೆ. ನಾಲ್ಕನೇ ತರಗತಿಗೆ ಬಂದೊಡನೆ ಇದೆಲ್ಲ ನಿಂತುಹೋಗುತ್ತದೆ.

ಇದಕ್ಕೆಲ್ಲ ಕೈ ಸಾಲದು ಎಂಬ ಶಿಕ್ಷಕರ ಆಕ್ಷೇಪ ಸುಳ್ಳಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರೇ ಶಿಕ್ಷಕರು. ಕಲೆ, ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನು ಕಾಯ್ದೆ ಹೇಳುವುದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಇದರ ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ನಮೂದು, ಗಣತಿ. ಆದರೆ ಕೈ ಕಡಿಮೆ ಇರುವ ಕಡೆಯೇ ಬೆಂಬಲ, ನಡತೆ, ಚಟುವಟಿಕೆಗಳನ್ನು ಮೂರು ಕಾರ್ಯಕ್ರಮ, ಮೂರು ವರದಿಯಾಗಿ ಬೇರ್ಪಡಿಸುವುದು ದುಬಾರಿ. ನಾಲ್ಕು-ಐದನೇ ತರಗತಿಗಳ ಭಾಷೆ ಮತ್ತು ಗಣಿತದ ಹೊತ್ತನ್ನು ಒಟ್ಟಿಗಿಟ್ಟು, ತರಗತಿ ನೋಡದೆ ಮಟ್ಟ ನೋಡಿ ಗುಂಪು ಮಾಡಿದರೆ ಹೊಸ ಹುದ್ದೆ ಬೇಡ, ಆಟವನ್ನೂ ಕಸಿಯಬೇಕಿಲ್ಲ. ಸ್ಪರ್ಧೆ ಇಲ್ಲದಿದ್ದರೆ ಪ್ರತಿಭೆ ಬೆಳೆಯದು ಎನ್ನುವ ಪೋಷಕರಿಗೂ ಉತ್ತರವಿದೆ: ಸ್ಪರ್ಧೆ ಇರಲಿ, ಕ್ಲಸ್ಟರ್‌ಗೆ ಹೋಗುವ ಮೊದಲು ಶಾಲೆಯ ಹಂತದಲ್ಲಿ ಪ್ರತಿ ಮಗುವೂ ಒಂದಾದರೂ ವಿಭಾಗದಲ್ಲಿ ವೇದಿಕೆ ಏರಿರಬೇಕು, ಒಂದೇ ಮಗುವಿನ ಹೆಸರು ಎರಡಕ್ಕಿಂತ ಹೆಚ್ಚು ವಿಭಾಗಕ್ಕೆ ಹೋಗಕೂಡದು ಎಂಬ ನಿಯಮದೊಂದಿಗೆ.