ನೆಲ ಡೊಂಕಲ್ಲ, ಸ್ವಾಮಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೊಬೈಲ್ ಆ್ಯಪ್ ತಯಾರಿಸುವವರ ಉತ್ತರ ಕೇಳಿದಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಪರದೆಯ ಮೇಲೆ ಗುಂಡಿ ಕಾಣುತ್ತಿಲ್ಲ ಎಂದರೆ 'ನಿಮ್ಮ ಫೋನು ಚಿಕ್ಕದು' ಎನ್ನುತ್ತಾರೆ. ಅಕ್ಷರ ಕತ್ತರಿಸಿಹೋಗಿದೆ ಎಂದರೆ 'ನೀವು ಅಕ್ಷರ ದೊಡ್ಡದು ಮಾಡಿಕೊಂಡಿದ್ದೀರಿ, ಚಿಕ್ಕದು ಮಾಡಿ' ಎನ್ನುತ್ತಾರೆ. ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದರೆ ಪುಟ ತಿರುಗುವುದಿಲ್ಲ ಎಂದರೆ 'ಉದ್ದಕ್ಕೆ ಹಿಡಿಯಿರಿ' ಎನ್ನುತ್ತಾರೆ. ಅಂತೂ ತಪ್ಪು ಫೋನಿನದು, ಕಣ್ಣಿನದು, ಕೈಯದು. ಆ್ಯಪಿನದು ಮಾತ್ರ ಅಲ್ಲ.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ರೋಗಕ್ಕೆ ಮದ್ದು ಸಿಗದಿದ್ದರೆ ವೈದ್ಯರನ್ನು ದೂರಬಾರದು. ಆದರೆ ಈ ರೋಗಕ್ಕೆ ಮದ್ದು ಸಿಕ್ಕಿ ಹದಿನೈದು ವರ್ಷಗಳ ಮೇಲಾಯಿತು.

೨೦೦೮ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗ ಅದರ ಪರದೆಯಲ್ಲಿ ಒಂದು ಕಡೆಗೆ ೩೨೦, ಇನ್ನೊಂದು ಕಡೆಗೆ ೪೮೦ ಚುಕ್ಕಿಗಳಿದ್ದವು. ಈ ಚುಕ್ಕಿಗಳಿಗೇ ಪಿಕ್ಸೆಲ್ ಎಂದು ಹೆಸರು. ಆಗ ಚುಕ್ಕಿ ಎಣಿಸಿ ಗುಂಡಿ ಇಟ್ಟರೂ ನಡೆಯುತ್ತಿತ್ತು. ಬೇರೆ ಬೇರೆ ಅಳತೆಯ ಪರದೆಗಳು ಬರುತ್ತವೆಂದು ತಿಳಿದು, ಮರುವರ್ಷವೇ, ೨೦೦೯ರಲ್ಲಿ, ಆಂಡ್ರಾಯ್ಡಿನ ೧.೬ನೇ ಆವೃತ್ತಿಯಲ್ಲಿ ಅದಕ್ಕೆ ಏರ್ಪಾಡು ಮಾಡಿದರು.

ಆ ಏರ್ಪಾಡನ್ನು ಅರ್ಥ ಮಾಡಿಕೊಳ್ಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಅಂಗಳದಲ್ಲಿ ರಂಗೋಲಿ ಹಾಕಿದ್ದರೆ ಸಾಕು. ಹದಿನೈದು ಚುಕ್ಕಿಯ ರಂಗೋಲಿಯನ್ನು ದೂರ ದೂರ ಚುಕ್ಕಿ ಇಟ್ಟು ಹಾಕಿದರೆ ಅಂಗಳ ತುಂಬುತ್ತದೆ. ಒತ್ತೊತ್ತಾಗಿ ಇಟ್ಟರೆ ದೇವರ ಮಣೆಯ ಮುಂದೆ ಹಿಡಿಸುತ್ತದೆ. ಚುಕ್ಕಿಯ ಲೆಕ್ಕ ಒಂದೇ, ಅಳತೆ ಬೇರೆ. ಫೋನಿನಲ್ಲೂ ಅಷ್ಟೆ. ಇಂಚಿಗೆ ೧೬೦ ಚುಕ್ಕಿಗಳಿರುವ ಪರದೆಯ ಮೇಲೆ ಬೆರಳಿಗೆ ಸಿಗುವ ಗುಂಡಿ, ಇಂಚಿಗೆ ೪೮೦ ಇರುವ ಪರದೆಯಲ್ಲಿ ಮೂರನೇ ಒಂದಕ್ಕೆ ಕುಗ್ಗುತ್ತದೆ. ಆದ್ದರಿಂದಲೇ 'ಡಿಪಿ' ಎಂಬ ಮಾನ ಬಂತು. ೧೬೦ರ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಚುಕ್ಕಿ, ೩೨೦ರಲ್ಲಿ ಎರಡು, ೪೮೦ರಲ್ಲಿ ಮೂರು. ಲೆಕ್ಕವನ್ನು ಫೋನೇ ಮಾಡಿಕೊಳ್ಳುತ್ತದೆ. ಒತ್ತುವ ಗುಂಡಿ ೪೮ ಡಿಪಿಗಿಂತ ಚಿಕ್ಕದಿರಬಾರದು ಎಂದು ಗೂಗಲ್‌ನವರೇ ಹೇಳಿದ್ದಾರೆ.

ಅಕ್ಷರಕ್ಕೆ ಇನ್ನೂ ಒಂದು ಮಾನವಿದೆ, 'ಎಸ್‌ಪಿ' ಎಂದು. ಓದುವವರು ಫೋನಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಂಡರೆ ಎಸ್‌ಪಿಯಲ್ಲಿ ಅಳೆದ ಅಕ್ಷರ ತಾನೂ ಹಿಗ್ಗುತ್ತದೆ. ೨೦೨೩ರ ಆಂಡ್ರಾಯ್ಡ್ ೧೪ರಿಂದ ಎರಡರಷ್ಟು ಹಿಗ್ಗಿಸಲು ಅವಕಾಶವಿದೆ. ಕೆಲವರು ಬೇಕೆಂದೇ ಅಕ್ಷರವನ್ನೂ ಡಿಪಿಯಲ್ಲಿ ಅಳೆದುಬಿಡುತ್ತಾರೆ. ಏಕೆಂದರೆ ಅಕ್ಷರ ಹಿಗ್ಗಿದರೆ ಅವರ ಚಂದದ ವಿನ್ಯಾಸ ಕೆಡುತ್ತದಂತೆ! ಇದನ್ನು ನಾನು ತಿಳಿಯದೆ ಆದ ತಪ್ಪು ಎನ್ನಲಾರೆ. ಇದು ವಯಸ್ಸಾದವರ ಮುಖದ ಮೇಲೆ ಬಾಗಿಲು ಹಾಕಿದಂತೆ.

ಕನ್ನಡಕ್ಕೆ ಬಂದರಂತೂ ಕೇಳುವುದೇ ಬೇಡ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತವೆ. ನಮ್ಮವಕ್ಕೆ ಕೆಳಗೆ ಒತ್ತು ಬರುತ್ತದೆ. 'ರಾಷ್ಟ್ರ'ದಂಥ ಪದಕ್ಕೆ ಎರಡೆರಡು. ಇಂಗ್ಲಿಷಿಗೆ ಅಳೆದು ಎತ್ತರವನ್ನು ಬಿಗಿದಿಟ್ಟ ಪೆಟ್ಟಿಗೆಯಲ್ಲಿ ಕನ್ನಡ ತುರುಕಿದರೆ ಒತ್ತಕ್ಷರದ ತಲೆ ಹೋಗುತ್ತದೆ. 'ಒಪ್ಪಿಗೆ' ಎಂಬುದು 'ಒಪಿಗೆ'ಯಾಗುತ್ತದೆ, 'ರದ್ದು' ಎಂಬುದು 'ರದು' ಆಗುತ್ತದೆ. ನಾವು ಶಿಕ್ಷಕರು ಕಡ್ಡಾಯವಾಗಿ ತುಂಬಬೇಕಾಗಿದ್ದ ಒಂದು ಆ್ಯಪಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ 'ಸಲ್ಲಿಸಿ' ಎಂಬ ಗುಂಡಿ ಪರದೆಯ ಕೆಳಗೆ ಜಾರಿಹೋಗುತ್ತಿತ್ತು. ಪುಟ ಮೇಲೆ ಸರಿಯುತ್ತಿರಲಿಲ್ಲ. ದಿನವೂ ಅಕ್ಷರ ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ, ಸಲ್ಲಿಸಿ, ಮತ್ತೆ ದೊಡ್ಡದು ಮಾಡಿಕೊಳ್ಳುವುದು. ಕೊನೆಗೆ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಇಂಗ್ಲಿಷಿಗೆ ಬದಲಾಯಿಸಿಕೊಂಡರು. ನಾಳೆ ಯಾರಾದರೂ ಲೆಕ್ಕ ತೆಗೆದು 'ಕನ್ನಡವನ್ನು ಯಾರೂ ಬಳಸುವುದಿಲ್ಲ' ಎಂದರೆ ಆಶ್ಚರ್ಯವಿಲ್ಲ. ಕಾಲು ಕಟ್ಟಿ ಓಡಲು ಬಿಟ್ಟು, ಆಮೇಲೆ ಓಟ ಬರುವುದಿಲ್ಲ ಎಂದ ಹಾಗೆ.

'ಸಾವಿರಾರು ಮಾದರಿಯ ಫೋನುಗಳಿವೆ, ಎಲ್ಲಕ್ಕೂ ಮಾಡಲು ಸಾಧ್ಯವೇ?' ಎಂದು ಕೇಳುವವರಿದ್ದಾರೆ. ಸಾವಿರ ಮಾದರಿಗೆ ಸಾವಿರ ವಿನ್ಯಾಸ ಮಾಡಿ ಎಂದು ಯಾರು ಹೇಳಿದರು? ಪೆಟ್ಟಿಗೆಯ ಎತ್ತರವನ್ನು ಬಿಗಿಯದೆ ಒಳಗಿನ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಜಾಗ ಸಾಲದಿದ್ದರೆ ಪುಟ ಮೇಲೆ ಸರಿಯಲಿ. ಚಿತ್ರಗಳನ್ನು ಸಾಂದ್ರತೆಗೆ ತಕ್ಕಂತೆ ಮೂರು ನಾಲ್ಕು ಗಾತ್ರದಲ್ಲಿ ಇಡಿ, ಇಲ್ಲವೇ ಹಿಗ್ಗಿಸಿದರೂ ಮಸುಕಾಗದ ರೇಖಾಚಿತ್ರ ಬಳಸಿ. ಅಗಲ ೬೦೦ ಡಿಪಿ ದಾಟಿದರೆ ಅದು ಟ್ಯಾಬ್ಲೆಟ್ ಎಂದು ತಿಳಿದು ಎರಡು ಅಂಕಣ ಮಾಡಿ. ಇಷ್ಟೇ. ೨೦೨೫ರಲ್ಲಿ ಬಂದ ಆಂಡ್ರಾಯ್ಡ್ ೧೬ ಅಂತೂ ತನಗಾಗಿ ತಯಾರಾದ ಆ್ಯಪು ದೊಡ್ಡ ಪರದೆಯಲ್ಲೂ 'ಉದ್ದಕ್ಕೇ ನಿಲ್ಲುತ್ತೇನೆ' ಎಂದು ಹಠ ಮಾಡಿದರೆ ಸಾಮಾನ್ಯವಾಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದು ಅನುಕೂಲದ ಮಾತಷ್ಟೇ ಅಲ್ಲ, ಹಕ್ಕಿನ ಮಾತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಂದದೃಷ್ಟಿಯನ್ನೂ ಪಟ್ಟಿಯಲ್ಲಿ ಸೇರಿಸಿದೆ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ ೨೧ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ೨೦೨೫ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಡಿತರ, ಪಿಂಚಣಿ, ಮಕ್ಕಳ ಹಾಜರಿ ಎಲ್ಲವೂ ಆ್ಯಪಿನೊಳಗೆ ಹೋಗಿರುವಾಗ, ಕಾಣದ ಒಂದು ಗುಂಡಿ ಎಂದರೆ ಬೀಗ ಹಾಕಿದ ಕಚೇರಿ.

ನನ್ನ ಬೇಡಿಕೆ ಒಂದೇ. ಸರ್ಕಾರಿ ದುಡ್ಡಿನಿಂದ ಯಾವುದೇ ಆ್ಯಪು ತಯಾರಾದರೂ ಹಣ ಸಂದಾಯವಾಗುವ ಮೊದಲು ಒಂದು ಪರೀಕ್ಷೆಯಾಗಲಿ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ, ಅತಿ ಚಿಕ್ಕ ಫೋನನ್ನು ತರಲಿ. ಭಾಷೆ ಕನ್ನಡಕ್ಕೆ, ಅಕ್ಷರ ಅತಿ ದೊಡ್ಡ ಗಾತ್ರಕ್ಕೆ ಇಡಲಿ. ಕಚೇರಿಯ ಅತ್ಯಂತ ಹಿರಿಯ ನೌಕರರ ಕೈಗೆ ಕೊಡಲಿ. ಅವರು ಯಾರನ್ನೂ ಕೇಳದೆ 'ಸಲ್ಲಿಸಿ' ಒತ್ತಿದರೆ ಪಾಸು, ಇಲ್ಲದಿದ್ದರೆ ನಪಾಸು. ಅರ್ಧ ಗಂಟೆಯ ಕೆಲಸ.

ಕಪ್ಪುಹಲಗೆಯ ಮೇಲೆ ಬರೆಯುವವರಿಗೆ ಶಿಕ್ಷಕರ ತರಬೇತಿಯಲ್ಲಿ ಮೊದಲು ಕಲಿಸುವ ಪಾಠವೊಂದಿದೆ: ಅಕ್ಷರದ ಅಳತೆಯನ್ನು ಕೊನೆಯ ಬೆಂಚು ನಿರ್ಧರಿಸುತ್ತದೆ, ಬರೆಯುವವರ ಕಣ್ಣಲ್ಲ. ಕೊನೆಯ ಬೆಂಚಿನ ಹುಡುಗನಿಗೆ ಕಾಣದಿದ್ದರೆ ಯಾವ ಮೇಷ್ಟರೂ 'ಹಲಗೆ ದೂರ ಇದೆ' ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅಳಿಸಿ, ದೊಡ್ಡದಾಗಿ ಬರೆಯಬೇಕು.