ಗುಜರಿಯ ಶಾಕ್ ಅಬ್ಸಾರ್ಬರು

ಮನೆಯಲ್ಲಿ ಮೋಟಾರು ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರಿಗೆ ವರ್ಷಕ್ಕೊಮ್ಮೆಯಾದರೂ ಒಂದು ಯೋಚನೆ ಹುಟ್ಟುವುದುಂಟು: ಕೆಟ್ಟ ಭಾಗಕ್ಕೆ ಹೊಸದನ್ನೇ ಕೊಳ್ಳುವುದೇಕೆ, ಯಾರೋ ಬಳಸಿ ಬಿಚ್ಚಿಟ್ಟುದು ಅರ್ಧ ಬೆಲೆಗೆ ದೊರೆಯುವುದಲ್ಲವೆ? ಬಾಗಿಲಿನ ಹಿಡಿ, ದೀಪದ ಗಾಜು ಮುಂತಾದುವುಗಳ ವಿಷಯದಲ್ಲಿ ಇದು ಮಿತವ್ಯಯವೇ ಸರಿ. ಆದರೆ ಚಕ್ರಕ್ಕೂ ಗಾಡಿಯ ಒಡಲಿಗೂ ನಡುವೆ ನಿಂತು ರಸ್ತೆಯ ಪೆಟ್ಟನ್ನು ತಿನ್ನುವ ಸಾಮಾನುಗಳ ಮಾತೇ ಬೇರೆ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರುಗಳೆರಡೂ ಸೋರತೊಡಗಿದುವು. ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ, ಗಾಡಿ ತಯಾರಿಸಿದವರದಲ್ಲದ ಬೇರೊಂದು ಕಂಪೆನಿಯ ಜೋಡಿ ಕಪ್ಪಗೆ ಥಳಥಳಿಸುತ್ತಿದ್ದಿತು. "ಆರು ತಿಂಗಳೂ ಓಡಿಲ್ಲ ಸ್ವಾಮಿ, ಡಾಕ್ಟರೊಬ್ಬರ ಗಾಡಿಯದು" ಎಂದರು ಅಂಗಡಿಯವರು. ಡಾಕ್ಟರ ಗಾಡಿಗೆ ಗುಂಡಿಗಳು ತಪ್ಪುವುದು ಹೇಗೆಂದು ನಾವು ಕೇಳಲಿಲ್ಲ, ಕೊಂಡೆವು.

ತಿಂಗಳೊಂದು ಕಳೆಯಿತು. ಮಕ್ಕಳನ್ನೂ ತಾಯಿಯವರನ್ನೂ ಕುಳ್ಳಿರಿಸಿಕೊಂಡು ಶಿರಾಡಿ ಘಟ್ಟವನ್ನಿಳಿಯುತ್ತಿದ್ದೆವು. ನೆನೆದ ತಿರುವಿನಲ್ಲಿ ಹಿಂದಿನ ಚಕ್ರ ಗುಂಡಿಯೊಂದನ್ನು ಹಾಯ್ದು ಕುಣಿಯಿತು. ಕುಣಿತವು ನಿಲ್ಲದೆ, ಎದುರಿಗೆ ಬರುತ್ತಿದ್ದ ಲಾರಿಯ ಕಡೆಗೆ ಗಾಡಿ ಒಂದು ಮೊಳ ಸರಿಯಿತು. ಲಾರಿಯವನು ಪುಣ್ಯಾತ್ಮ, ಬದಿಗೊತ್ತಿದನು. ಗುಂಡ್ಯ ತಲಪುವವರೆಗೆ ಯಾರೂ ಮಾತಾಡಲಿಲ್ಲ.

ಆಮೇಲೆ ತಿಳಿದುದಿಷ್ಟು. ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಸ್ಪ್ರಿಂಗಿನ ಕುಣಿತವನ್ನಡಗಿಸುವುದು ಶಾಕ್ ಅಬ್ಸಾರ್ಬರು. ಅದರೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ಮೇಲಿನ ಸೀಲು ಸವೆದರೆ ಎಣ್ಣೆ ಸೋರುವುದು, ಗ್ಯಾಸು ತುಂಬಿದ್ದರೆ ಅದೂ ಹೋಗುವುದು. ಟಯರು ನೆಲವನ್ನು ಬಿಟ್ಟುಬಿಟ್ಟು ಹಾರುವುದು. ಸೋರಿದ ಎಣ್ಣೆಯನ್ನು ಸೀಮೆಎಣ್ಣೆಯಿಂದ ಒರಸಿ ಬಣ್ಣ ಬಳಿದರೆ ಯಾರ ಕಣ್ಣಿಗೂ ಕಾಣದು. ನಮ್ಮ ಜೋಡಿಗೆ ಆಗಿದ್ದುದು ಇದೇ.

ಆದುದರಿಂದ ಹೊಸ ಬಣ್ಣವನ್ನು ಕಂಡರೆ ಸಂಶಯಪಡತಕ್ಕದ್ದು. ಹೊಳೆಯುವ ಕಂಬಿಯ ಮೇಲೆ ಉಗುರಾಡಿಸಿದಾಗ ತುಕ್ಕಿನ ಕುಳಿ ತಗುಲಿದರೆ ಅದನ್ನು ಮುಟ್ಟಬಾರದು. ಆ ಕುಳಿಯೇ ಸೀಲನ್ನು ಕೊಯ್ಯುತ್ತದೆ. ನೆಟ್ಟಗೆ ಹಿಡಿದು ನಾಲ್ಕಾರು ಸಲ ಮೆಲ್ಲನೆ ಒತ್ತಿ ಎಳೆದು ನೋಡಬೇಕು. ಬಿಗಿ ಒಂದೇ ಸಮನಾಗಿರಬೇಕು, ನಡುವೆ ಎಲ್ಲಿಯೂ ಪೊಳ್ಳೆನಿಸಬಾರದು. ಆದರೂ ಈ ಪರೀಕ್ಷೆಯಿಂದ ಸತ್ತುದು ಯಾವುದೆಂದು ತಿಳಿದೀತೇ ಹೊರತು, ಅರೆಜೀವವಾದುದು ತಿಳಿಯದು. ಎಡಬಲಗಳು ಒಂದಕ್ಕೊಂದು ಹೊಂದುವ ಜೋಡಿಯೂ ಆಗಿರಬೇಕು. ಎರಡು ಗಾಡಿಗಳಿಂದ ಬಂದ ಜೋಡಿಯೂ ಜೋಡಿಯೆಂದೇ ಮಾರಾಟವಾಗುತ್ತದೆ.

ಗಾಡಿಯನ್ನು ತಗ್ಗಿಸಲೆಂದು ತರುಣರು ಕೊಳ್ಳುವ ಗಿಡ್ಡ ಸ್ಪ್ರಿಂಗುಗಳಲ್ಲಿ ಇನ್ನೊಂದು ಮೋಸವಿದೆ. ಕೆಲವು ಗಿಡ್ಡವಾಗಿ ತಯಾರಾದುವಲ್ಲ, ಗ್ಯಾಸಿನ ಉರಿಯಿಂದ ಕತ್ತರಿಸಿದವು. ಕಾಯಿಸಿದೆಡೆಯಲ್ಲಿ ಉಕ್ಕಿನ ಹದ ಕೆಟ್ಟಿರುತ್ತದೆ. ರಬ್ಬರಿನ ಬುಷ್ಷುಗಳಂತೂ ಗಾಡಿ ಓಡದಿದ್ದರೂ ವಯಸ್ಸಿನಿಂದಲೇ ಬಿರಿಯುತ್ತವೆ. ಅವನ್ನು ತೆಗೆದು ಕೂರಿಸುವ ಕೂಲಿ ಸೇರಿದರೆ ಉಳಿತಾಯವೆಂಬುದು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಒಂದು ಮಾತನ್ನು ಮಾತ್ರ ಒತ್ತಿ ಹೇಳುವೆವು: ಮುಂದಿನ ಸ್ಟ್ರಟ್ಟನ್ನು ಮನೆಯಂಗಳದಲ್ಲಿ ಬಿಚ್ಚಲು ಹೋಗಬೇಡಿರಿ. ಅದುಮಿಟ್ಟ ಸ್ಪ್ರಿಂಗು ಹಾರಿದರೆ ಕೈಮುಖಗಳು ಉಳಿಯವು.

ಹೊಸ ಜೋಡಿಯನ್ನು ಹಾಕಿಸಿದ ಮೇಲೆ ಅಂಗಡಿಯವರು ಹಳೆಯದನ್ನು ಕಾಲು ಬೆಲೆಗೆ ಹಿಂದಕ್ಕೆ ಪಡೆಯಲು ಒಪ್ಪಿದರು. ಕೊಡಲು ಹೊರಟವರು ಅರ್ಧ ದಾರಿಯಿಂದ ಮರಳಿದೆವು. ಇನ್ನೊಂದು ಸಲ ಬಣ್ಣ ಬಿದ್ದು ಅದು ಯಾರ ಮಕ್ಕಳ ಗಾಡಿಗೆ ಸೇರುವುದೊ! ಮೆಕ್ಯಾನಿಕ್ಕಿನವರಿಂದ ಕಂಬಿಗಳನ್ನು ಗರಗಸದಿಂದ ಕೊಯ್ಯಿಸಿ, ಕಬ್ಬಿಣದ ತೂಕಕ್ಕೆ ಮಾರಿದೆವು.