ಉಪ್ಪಿನ ಜೊತೆಗೆ ಸಕ್ಕರೆ ಏಕೆ?

ಕಳೆದ ವಾರ ಕಿರಿಯ ಮಗನಿಗೆ ಭೇದಿ ಹಿಡಿಯಿತು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓ.ಆರ್.ಎಸ್. ಪೊಟ್ಟಣ ಸುರಿದು ಕಲಕುತ್ತಿದ್ದಾಗ ಒಂಬತ್ತನೆಯ ತರಗತಿಯ ಮಗಳು ಕೇಳಿದಳು: "ಅಪ್ಪಾ, ದೇಹದಿಂದ ಹೋಗುವುದು ನೀರು, ಉಪ್ಪು ತಾನೆ? ಮತ್ತೆ ಸಕ್ಕರೆ ಏಕೆ?" ಶಕ್ತಿಗಾಗಿ ಎಂದುಬಿಟ್ಟೆ. ಅದು ಸಾಕ್ಷ್ಯವಿಲ್ಲದ ಹೇಳಿಕೆ. ಅವಳ ಮುಖವೇ ಅದನ್ನು ತಳ್ಳಿಹಾಕಿತು. ರಾತ್ರಿ ಪುಸ್ತಕ ತೆರೆಯಬೇಕಾಯಿತು.

ಉತ್ತರವಿರುವುದು ಕರುಳಿನ ಒಳಮೈಯ ಹೊದಿಕೆಯಲ್ಲಿ. ಪಠ್ಯಪುಸ್ತಕದ ಮಾತಿನಲ್ಲಿ ಅದು ಅನುಲೇಪಕ ಅಂಗಾಂಶ. ಒಂದೇ ಸಾಲಿನ ಜೀವಕೋಶಗಳ ತೆಳುಪದರ. ಪ್ರತಿ ಕೋಶಕ್ಕೂ ಎರಡು ಮುಖಗಳು: ಮೇಲ್ಮುಖ ಆಹಾರದ ಕಡೆಗೆ, ತಳಮುಖ ರಕ್ತದ ಕಡೆಗೆ. ಈ ಪದರ ನಾಲ್ಕೈದು ದಿನಗಳಲ್ಲಿ ಹೊಸದಾಗುವುದರಿಂದ, ಹುಟ್ಟಿದ ಪ್ರತಿಯೊಂದು ಕೋಶವೂ ತನ್ನ ದಿಕ್ಕನ್ನು ಕಾಯ್ದುಕೊಳ್ಳಬೇಕು.

ಅದಕ್ಕೆ ದಿಕ್ಕು ತಿಳಿಯುವುದು ಸ್ಪರ್ಶದಿಂದ. ಆಧಾರಪೊರೆ ತಗುಲಿದ ಕಡೆ ತಳ. ನೆರೆಕೋಶ ತಗುಲಿದ ಕಡೆ ಪಕ್ಕ. ಏನೂ ತಗುಲದ ಕಡೆ ಮೇಲ್ಮುಖ. ನೆರೆಹೊರೆಯ ಕೋಶಗಳು ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ಮೂಲಕ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕ್ಯಾಲ್ಸಿಯಂ ತೆಗೆದರೆ ಹಿಡಿತ ಬಿಡುತ್ತದೆ. ಆಮೇಲೆ ನಡೆಯುವುದು ನನ್ನ ವೃತ್ತಿಗೆ ಪರಿಚಿತವಾದ ಸಂಗತಿ, ಗಡಿವ್ಯಾಜ್ಯ. ಮೇಲಿನ ಪಾಳೆಯದ ಪ್ರೋಟೀನುಗಳು ತಳದವುಗಳಿಗೆ ಫಾಸ್ಫೇಟಿನ ಗುರುತು ಹಚ್ಚಿ ಹೊರದಬ್ಬುತ್ತವೆ. ತಳದವು ಮೇಲಿನವುಗಳಿಗೂ ಅದನ್ನೇ ಮಾಡುತ್ತವೆ. ಇಬ್ಬರ ತಳ್ಳಾಟವೇ ಎಲ್ಲೆಯನ್ನು ಸ್ಥಿರವಾಗಿಡುತ್ತದೆ. (ನನ್ನ ಕಕ್ಷಿಗಾರರು ಇದನ್ನು ಓದದಿರಲಿ.) ಇವುಗಳಲ್ಲಿ 'ಪಾರ್' ಗುಂಪಿನ ಮೊದಲ ಸುಳಿವು ದೊರೆತದ್ದು 1988ರಲ್ಲಿ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಭ್ರೂಣದಲ್ಲಿ; ಕೆನೆತ್ ಕೆಂಫ್ಯೂಸ್ ಮತ್ತು ಸಂಗಡಿಗರಿಂದ.

ಎಲ್ಲೆಯ ಬಳಿ, ಎರಡು ಕೋಶಗಳ ನಡುವೆ, ಬಿಗಿಬೆಸುಗೆಯೊಂದು ಏಳುತ್ತದೆ. ಅದನ್ನು 1963ರಲ್ಲಿ ಫಾರ್ಕ್ವಾರ್ ಮತ್ತು ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. ಅದನ್ನು ಕಟ್ಟುವ ಕ್ಲಾಡಿನ್ ಪ್ರೋಟೀನನ್ನು 1998ರಲ್ಲಿ ಜಪಾನಿನ ಫುರುಸೆ, ತ್ಸುಕಿತ ಮತ್ತು ಸಹೋದ್ಯೋಗಿಗಳು ಗುರುತಿಸಿದರು. ಈ ಬೆಸುಗೆ ಸಂದಿನ ಸೋರಿಕೆಗೆ ಕಡಿವಾಣ ಹಾಕುತ್ತದೆ. ಸಕ್ಕರೆಯಂಥ ವಸ್ತು ಬಹುಪಾಲು ಕೋಶದ ಒಳಗಿನಿಂದಲೇ ಹಾಯಬೇಕು.

ಇನ್ನು ಮಗಳ ಪ್ರಶ್ನೆ. ಮೇಲ್ಮುಖದಲ್ಲಿರುವ ಒಂದು ಬಾಗಿಲು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಮಾತ್ರ ಒಳಬಿಡುತ್ತದೆ. ತಳಮುಖದ ಪಂಪು ಆ ಸೋಡಿಯಂ ಅನ್ನು ರಕ್ತದ ಕಡೆಗೆ ಎತ್ತಿಹಾಕುತ್ತದೆ; ಗ್ಲೂಕೋಸಿಗೆ ಅಲ್ಲಿ ಬೇರೆ ಬಾಗಿಲಿದೆ. ಇವುಗಳ ಹಿಂದೆ ನೀರು ಹೋಗುತ್ತದೆ. ಬಾಗಿಲು, ಪಂಪು ಎರಡೂ ಒಂದೇ ಕಡೆ ಇದ್ದಿದ್ದರೆ ಒಳಬಂದದ್ದು ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು.

ಕಾಲರಾ ಕರುಳಿನಿಂದ ನೀರು ಹರಿಸುತ್ತದೆ; ಆದರೆ ಈ ಜೋಡಿಬಾಗಿಲನ್ನು ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಕುಡಿಸತೊಡಗಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಅವರ ಆರೈಕೆಯಲ್ಲಿ ಶೇಕಡಾ 4ಕ್ಕೂ ಕೆಳಗಿಳಿಯಿತು.

ಬೆಳಿಗ್ಗೆ ಮಗಳಿಗೆ ಇಷ್ಟನ್ನೂ ಹೇಳಿದೆ. ಪೊಟ್ಟಣದ ಮೇಲಿನ ಅಳತೆಯನ್ನು ಅವಳು ಇನ್ನೊಮ್ಮೆ ಓದಿ, ನೀರು ಒಂದು ಲೀಟರಿಗೆ ಕಡಿಮೆಯಾಗದಂತೆ ತಾನೇ ಕಲಸಿದಳು. ಮೂರನೆಯ ದಿನ ತಮ್ಮ ಗಂಜಿ ಕೇಳಿದ.